ಊರ ಕೆರೆ, ಗೋಮಾಳ, ಗುಂಡುತೋಪು: ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪ್ರಕೃತಿ ಸಂರಕ್ಷಣೆ ಎಂಬ ಮಾತು ಕೇಳಿದೊಡನೆ ಬಹುಮಂದಿಯ ಮನಸ್ಸಿಗೆ ಬರುವುದು ಪಶ್ಚಿಮ ಘಟ್ಟದ ದಟ್ಟ ಕಾಡು, ಹುಲಿ, ಆನೆ ಮತ್ತು ಅರಣ್ಯ ಇಲಾಖೆ. ಬಯಲು ಸೀಮೆಯ ಪಂಚಾಯಿತಿಯ ಸದಸ್ಯರೊಬ್ಬರು ಇಂತಹ ಸಭೆಗೆ ಬಂದು ಕುಳಿತಾಗ ಇದು ತಮಗೆ ಸಂಬಂಧಿಸಿದ ವಿಷಯವಲ್ಲವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಅವರ ಊರಿನಲ್ಲಿ ಕಾಡಿಲ್ಲ. ಆದರೆ ಅವರ ಊರಿನಲ್ಲಿ ಒಂದು ಕೆರೆಯಿದೆ, ಕೆರೆಗೆ ನೀರು ತರುವ ರಾಜಕಾಲುವೆಯಿದೆ, ದನಕರುಗಳಿಗೆ ಬಿಟ್ಟ ಗೋಮಾಳವಿದೆ, ಊರ ಬಾಗಿಲಲ್ಲಿ ಗುಂಡುತೋಪಿದೆ. ಇವುಗಳ ಅಳಿವು ಉಳಿವು ತೀರ್ಮಾನವಾಗುವುದು ಬೆಂಗಳೂರಿನಲ್ಲಿ ಅಲ್ಲ, ದೆಹಲಿಯಲ್ಲಂತೂ ಅಲ್ಲವೇ ಅಲ್ಲ. ಅದು ತೀರ್ಮಾನವಾಗುವುದು ಪಂಚಾಯಿತಿ ಕಚೇರಿಯ ಸಭಾಂಗಣದಲ್ಲಿ, ನಡಾವಳಿ ಪುಸ್ತಕದ ನಾಲ್ಕೈದು ಸಾಲುಗಳಲ್ಲಿ.

ಆ ಸಾಲುಗಳ ಸ್ವರೂಪ ಸದಸ್ಯರೆಲ್ಲರಿಗೂ ಪರಿಚಿತ. ಕೆರೆಯಂಗಳದ ಅಂಚಿನಲ್ಲಿ ಖಾಲಿ ಇರುವ ಜಾಗವನ್ನು ಸಮುದಾಯ ಭವನಕ್ಕೆ ಗುರುತಿಸುವುದು. ಗೋಮಾಳದ ಎರಡು ಎಕರೆಯನ್ನು ಕಸ ವಿಲೇವಾರಿ ಘಟಕಕ್ಕೆ ಕೋರುವುದು. ಗುಂಡುತೋಪಿನ ಹಳೆಯ ಮಾವಿನ ಮರಗಳನ್ನು ರಸ್ತೆ ಅಗಲೀಕರಣಕ್ಕಾಗಿ ತೆರವುಗೊಳಿಸಲು ಒಪ್ಪಿಗೆ ನೀಡುವುದು. ಪ್ರತಿಯೊಂದೂ ಸಾರ್ವಜನಿಕ ಕೆಲಸವೇ. ಕೈ ಎತ್ತಿದವರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರುವುದಿಲ್ಲ. ಆದರೆ ದೋಷವಿರುವುದು ‘ಖಾಲಿ ಜಾಗ’ ಎಂಬ ಆ ಎರಡು ಪದಗಳಲ್ಲಿ. ಕೆರೆಯಂಗಳ ಖಾಲಿ ಜಾಗವಲ್ಲ, ನೀರಿಗಾಗಿ ಕಾಯ್ದಿರಿಸಿದ ಜಾಗ. ಹತ್ತು ವರ್ಷಗಳಲ್ಲಿ ಎರಡೇ ಬಾರಿ ನೀರು ಅಲ್ಲಿಯವರೆಗೆ ಬರುವುದಾದರೂ ಆ ಎರಡು ಬಾರಿಗಾಗಿಯೇ ಹಿರಿಯರು ಅದನ್ನು ಬಿಟ್ಟಿದ್ದರು. ಭವನ ಕಟ್ಟಿದ ಮೇಲೆ ನೀರು ಬಂದರೆ, ನೀರು ಭವನಕ್ಕೆ ನುಗ್ಗಿತೆಂದು ದೂರು ಬರೆಯುತ್ತಾರೆ. ವಾಸ್ತವದಲ್ಲಿ ಭವನವೇ ನೀರಿಗೆ ನುಗ್ಗಿರುತ್ತದೆ.

ಸಂವಿಧಾನದ 73ನೆಯ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳಿವೆ. ಮಣ್ಣಿನ ಸಂರಕ್ಷಣೆ, ಸಣ್ಣ ನೀರಾವರಿ ಮತ್ತು ಜಲಾನಯನ ಅಭಿವೃದ್ಧಿ, ಮೀನುಗಾರಿಕೆ, ಸಾಮಾಜಿಕ ಅರಣ್ಯ, ಇಂಧನ ಮತ್ತು ಮೇವು, ಸಮುದಾಯ ಆಸ್ತಿಗಳ ನಿರ್ವಹಣೆ ಇವೆಲ್ಲ ಅದರಲ್ಲಿ ಸೇರಿವೆ. ಆದುದರಿಂದ ಪಂಚಾಯಿತಿಯು ಕೆರೆಯ ಬಗ್ಗೆ ಮಾತನಾಡುವುದು ಬೇರೊಂದು ಇಲಾಖೆಯ ಕೆಲಸದಲ್ಲಿ ತಲೆ ಹಾಕಿದಂತಲ್ಲ. ಆದರೂ ಆಚರಣೆಯಲ್ಲಿ ಒಂದು ತೊಡಕಿದೆ. ಕೆರೆಯ ಗಡಿ ಕಂದಾಯ ಇಲಾಖೆಯದು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಯದು, ಕಡಿಮೆಯಿದ್ದರೆ ಪಂಚಾಯತ್ ರಾಜ್ ಸಂಸ್ಥೆಗಳದು. ಮೀನಿನ ಪ್ರಶ್ನೆ ಮೀನುಗಾರಿಕೆ ಇಲಾಖೆಗೆ, ಏರಿಯ ಮೇಲಿನ ಮರದ ಪ್ರಶ್ನೆ ಅರಣ್ಯ ಇಲಾಖೆಗೆ. ಹೀಗೆ ನಾಲ್ಕು ಕಚೇರಿಗಳಿಗೆ ಹಂಚಿಹೋದ ಕೆರೆಯನ್ನು ಇಡಿಯಾಗಿ ನೋಡುವ ಸಂಸ್ಥೆ ಒಂದೇ ಒಂದು. ಅದು ಪ್ರತಿದಿನ ಆ ಏರಿಯ ಮೇಲೆ ಓಡಾಡುವ ಸದಸ್ಯರಿರುವ ಗ್ರಾಮ ಪಂಚಾಯಿತಿ.

ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆಯೆಂದು ಲೆಕ್ಕ. ಕೋಲಾರ, ತುಮಕೂರು, ಚಿತ್ರದುರ್ಗದಂತಹ ಜಿಲ್ಲೆಗಳಲ್ಲಿ ಇವು ಬಿಡಿಬಿಡಿಯಾಗಿಲ್ಲ, ಸರಣಿಯಾಗಿವೆ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಕೆರೆಯೆಂದರೆ ಏರಿಯ ಹಿಂದೆ ನಿಂತ ನೀರಷ್ಟೇ ಎಂದು ತಿಳಿದವರು ಏರಿ, ತೂಬು ಮತ್ತು ಕೋಡಿಯನ್ನು ದುರಸ್ತಿ ಮಾಡಿಸಿ ಕೆರೆ ಪುನಶ್ಚೇತನವಾಯಿತೆಂದು ಫಲಕ ಹಾಕುತ್ತಾರೆ. ಮಳೆ ಬಂದರೂ ಕೆರೆ ತುಂಬುವುದಿಲ್ಲ. ಏಕೆಂದರೆ ಕೆರೆ ಸಾಯುವುದು ಕೆರೆಯಲ್ಲಿ ಅಲ್ಲ, ಎರಡು ಮೂರು ಕಿಲೋಮೀಟರ್ ಮೇಲೆ.

ಅಲ್ಲಿ ನಡೆಯುವುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ರಾಜಕಾಲುವೆಯು ಹಲವು ಹೊಲಗಳ ನಡುವೆ ಹಾದು ಬರುತ್ತದೆ. ಗ್ರಾಮ ನಕಾಶೆಯಲ್ಲಿ ಅದನ್ನು ಜೋಡಿ ಗೆರೆಯಲ್ಲಿ ತೋರಿಸಿರುತ್ತಾರೆ. ಖಾಸಗಿ ಸರ್ವೆ ನಂಬರಿನೊಳಗೆ ಹಾದುಹೋದ ಕಡೆ ಆ ಪಟ್ಟಿಯು ಬಿ ಖರಾಬು, ಅಂದರೆ ಸಾರ್ವಜನಿಕ ಉದ್ದೇಶಕ್ಕೆ ಮೀಸಲಾದ ಭೂಮಿ. ಪಹಣಿಯಲ್ಲಿ ಸರ್ವೆ ನಂಬರು ಯಾರ ಹೆಸರಿನಲ್ಲಿದ್ದರೂ ಆ ಖರಾಬು ಅವರದಲ್ಲ. ಈ ಒಂದು ಅಂಶ ಗೊತ್ತಿಲ್ಲದೆ ಎಷ್ಟೋ ಸಭೆಗಳಲ್ಲಿ ಅದು ಅವರ ಸ್ವಂತ ಜಮೀನಲ್ಲವೇ ಎಂದು ಮಾತು ಮುಗಿದುಹೋಗುತ್ತದೆ. ಕೊಳವೆ ಬಾವಿಗಳು ಬರುವ ಮೊದಲು ಅಚ್ಚುಕಟ್ಟಿನ ರೈತನಿಗೆ ಕೆರೆಯ ನೀರೇ ಗತಿಯಾಗಿತ್ತು. ಕಾಲುವೆಯಲ್ಲಿ ಕಲ್ಲು ಬಿದ್ದರೂ ಯಾರಾದರೂ ಬಂದು ಎತ್ತುತ್ತಿದ್ದರು. ನೀರುಗಂಟಿ ತೂಬಿನ ಬಳಿ ಇರುತ್ತಿದ್ದ. ಮನೆಮನೆಗೆ ಮೋಟಾರು ಬಂದ ಮೇಲೆ ಆ ಕಾವಲು ಸಡಿಲವಾಯಿತು. ಇಪ್ಪತ್ತು ಅಡಿ ಅಗಲದ ಕಾಲುವೆ ವರ್ಷಕ್ಕೊಂದು ಸಾಲು ಉಳುಮೆಯಲ್ಲಿ ಹತ್ತು ಅಡಿಯಾಗಿ, ಕೊನೆಗೆ ಬದುವಾಗಿ ಉಳಿಯಿತು.

ಒತ್ತುವರಿದಾರನೊಬ್ಬನನ್ನೇ ದೂರಿದರೆ ಸಾಲದು. ಪಂಚಾಯಿತಿಯ ಕಾಮಗಾರಿಗಳೂ ಕಾಲುವೆಗಳನ್ನು ಕೊಂದಿವೆ. ಹೊಲದ ರಸ್ತೆಗೆ ಹಾಕಿದ ಮೋರಿಯ ತಳ ಕಾಲುವೆಯ ತಳಕ್ಕಿಂತ ಒಂದಡಿ ಮೇಲಿದ್ದರೆ ಆ ಒಂದಡಿ ನೀರು ಎಂದಿಗೂ ಕೆರೆ ಕಾಣುವುದಿಲ್ಲ. ಅಂದಾಜು ಪಟ್ಟಿ ತಯಾರಿಸುವಾಗ ಇದನ್ನು ಕೇಳುವವರಿಲ್ಲ. ಊರಿನ ಸಿಮೆಂಟ್ ಚರಂಡಿಗಳ ಕೊನೆಯ ತುದಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಹೀಗೆಯೇ. ಬಹುತೇಕ ಕಡೆ ಅದು ರಾಜಕಾಲುವೆಗೆ, ಅದರ ಮೂಲಕ ಕೆರೆಗೆ. ಮನೆಯ ಮುಂದೆ ಕೊಳಚೆ ನಿಲ್ಲಲಿಲ್ಲ ಎಂಬುದಷ್ಟೇ ಸಾಧನೆಯಾಗಿ, ಎರಡು ಮೂರು ವರ್ಷಗಳಲ್ಲಿ ಕೆರೆಯ ಬಾಯಲ್ಲಿ ಜೊಂಡು ಬೆಳೆದು ನಿಲ್ಲುತ್ತದೆ. ಜೊಂಡು ಕೀಳಲು ಮತ್ತೊಂದು ಕಾಮಗಾರಿ. ಚರಂಡಿಯ ತುದಿಯಲ್ಲಿ ಇಂಗುಗುಂಡಿ ಅಥವಾ ನೀರು ಸೋಸುವ ಸಣ್ಣ ತೊಟ್ಟಿಗಳ ಸಾಲನ್ನು ಮೊದಲೇ ಅಂದಾಜಿಗೆ ಸೇರಿಸಿದ್ದರೆ ಆ ಹಣ ಉಳಿಯುತ್ತಿತ್ತು.

ಹೂಳೆತ್ತುವ ವಿಷಯದಲ್ಲಿಯೂ ತಿಳಿವಳಿಕೆ ಬೇಕು. ಮೇಲಿನ ಜಲಾನಯನದಲ್ಲಿ ಬದು ಹಾಕದೆ, ಹುಲ್ಲು ಉಳಿಸದೆ ಹೂಳು ಮಾತ್ರ ಎತ್ತಿದರೆ ನಾಲ್ಕು ಮಳೆಗಾಲದಲ್ಲಿ ಅದೇ ಹೂಳು ಮತ್ತೆ ಬಂದು ಕೂರುತ್ತದೆ. ಗೋಡು ಮಣ್ಣು ರೈತರ ಹೊಲಕ್ಕೆ ಹೋಗುವವರೆಗೆ ಅದು ಹೂಳೆತ್ತುವಿಕೆ. ಅದರ ಕೆಳಗಿನ ಗಟ್ಟಿ ಪದರವನ್ನು ಸೀಳಿ ಇಟ್ಟಿಗೆ ಗೂಡಿಗೆ ಮಣ್ಣು ಸಾಗಿಸತೊಡಗಿದರೆ ಅದು ಗಣಿಗಾರಿಕೆ. ಯಂತ್ರಗಳು ತೋಡಿಬಿಟ್ಟ ಕಡಿದಾದ ಗುಂಡಿಗಳಲ್ಲಿ ಮಕ್ಕಳು, ದನಗಳು ಮುಳುಗಿದ ಸುದ್ದಿಗಳನ್ನು ಪ್ರತಿ ಬೇಸಿಗೆಯ ಕೊನೆಗೆ ಪತ್ರಿಕೆಗಳಲ್ಲಿ ಓದುತ್ತೇವೆಂಬುದು ಎಲ್ಲರಿಗೂ ತಿಳಿದ ಮಾತು. ಏರಿಯ ಬುಡಕ್ಕೆ ಹತ್ತಿರ ಅಗೆದರೆ ಏರಿಯೇ ಕುಸಿಯುವ ಅಪಾಯವೂ ಇದೆ. ಇನ್ನೂ ಒಂದು ಸೂಕ್ಷ್ಮವಿದೆ. ಕೆರೆಯನ್ನು ಬಾವಿಯಂತೆ ಎಲ್ಲ ಕಡೆಯೂ ಆಳ ಮಾಡಿ, ಸುತ್ತ ಕಲ್ಲು ಕಟ್ಟಿ, ನಡಿಗೆಯ ಹಾದಿ ಹಾಕಿದರೆ ನೋಡಲು ಅಚ್ಚುಕಟ್ಟಾಗಿರುತ್ತದೆ. ಆದರೆ ಮೀನು ಮೊಟ್ಟೆಯಿಡುವುದು, ಕೊಕ್ಕರೆ ಕಾಲೂರುವುದು, ದನ ನೀರಿಗಿಳಿಯುವುದು ಮೊಣಕಾಲು ನೀರಿನ ಇಳಿಜಾರು ಅಂಚಿನಲ್ಲಿ. ಪಟ್ಟಣದ ಉದ್ಯಾನದ ಕೊಳಕ್ಕೂ ಊರಿನ ಕೆರೆಗೂ ವ್ಯತ್ಯಾಸ ಇರುವುದೇ ಆ ಅಂಚಿನಲ್ಲಿ.

ಆ ಅಂಚು ಉಳಿದ ಕಡೆ ಏನಾಗಬಲ್ಲದು ಎಂಬುದಕ್ಕೆ ರಾಜ್ಯದಲ್ಲಿಯೇ ನಿದರ್ಶನಗಳಿವೆ. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಮನುಷ್ಯರು ಕಟ್ಟಿದ ನೀರಾವರಿ ಕೆರೆ. ವಿಸ್ತೀರ್ಣ ನೂರು ಹೆಕ್ಟೇರಿಗಿಂತ ತುಸು ಕಡಿಮೆ. ಕೆರೆಯೊಳಗಿನ ಜಾಲಿ ಮರಗಳ ಮೇಲೆ ಸಾವಿರಾರು ನೀರುಹಕ್ಕಿಗಳು ಗೂಡು ಕಟ್ಟುತ್ತವೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಅದಕ್ಕಿಂತಲೂ ಚಿಕ್ಕದು. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಸಾವಿರಗಟ್ಟಲೆ ಇಳಿಯುತ್ತವೆ. ಸುತ್ತಲ ಹೊಲಗಳಲ್ಲಿ ಮೇಯ್ದು ಕೆರೆಯಲ್ಲಿ ವಿಶ್ರಮಿಸುತ್ತವೆ. 2024ರ ಜನವರಿಯಲ್ಲಿ ಈ ಎರಡು ಕೆರೆಗಳೂ ಉತ್ತರ ಕನ್ನಡದ ಅಘನಾಶಿನಿ ಅಳಿವೆಯೂ ಅಂತಾರಾಷ್ಟ್ರೀಯ ಮಹತ್ತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದವು. ಅದಕ್ಕೆ ಮೊದಲು ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ. ಅಂಕಸಮುದ್ರವಾಗಲಿ ಮಾಗಡಿಯಾಗಲಿ ದಟ್ಟ ಕಾಡಿನ ನಡುವೆ ಇಲ್ಲ. ಉಳುವ ಹೊಲಗಳ ನಡುವಿನ ಸಾಧಾರಣ ಊರ ಕೆರೆಗಳು ಎಂಬುದನ್ನು ಸದಸ್ಯರು ಗಮನಿಸಬೇಕು.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಕಥೆ ಇನ್ನೂ ಹಳೆಯದು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರೊಳಗಿನ ಹುಣಸೆ, ಅರಳಿ ಮರಗಳ ಮೇಲೆ, ಮನೆಗಳ ಹಿತ್ತಿಲಲ್ಲಿ. ಹುಣಸೆಯ ಫಸಲು ಕಳೆದುಕೊಂಡ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬೆಳೆಯಿತು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಊರಿನವರ ಪ್ರೀತಿಯ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಅಷ್ಟಾಗಿ ಚರ್ಚೆಯಾಗದ ವಿಷಯ ಬೇರೊಂದಿದೆ. 2017ರ ಕೊನೆ ಮತ್ತು 2018ರ ಆರಂಭದಲ್ಲಿ ಅಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಸತ್ತ ಹಕ್ಕಿಗಳ ಹೊಟ್ಟೆಯಲ್ಲಿ ಪರಾವಲಂಬಿ ಹುಳುಗಳು ಕಂಡುಬಂದವು. ಮೀನಿನ ಮೂಲಕ ಸೇರಿದವೆಂದು ತಜ್ಞರು ಹೇಳಿದರು. ಹಕ್ಕಿ ಗೂಡು ಕಟ್ಟುವುದು ಒಂದು ಊರಿನಲ್ಲಿ, ಮೀನು ಹಿಡಿಯುವುದು ಹತ್ತು ಊರುಗಳ ಕೆರೆಗಳಲ್ಲಿ. ಮರ ಕಾಯ್ದ ಊರು ಎಷ್ಟೇ ಜಾಗ್ರತೆಯಿಂದಿದ್ದರೂ ಪಕ್ಕದ ಪಂಚಾಯಿತಿಯ ಕೆರೆ ಕೊಳೆತರೆ ಹಕ್ಕಿ ಉಳಿಯುವುದಿಲ್ಲ. ಕೆರೆ ಸರಣಿಗೆ ಒಳಪಟ್ಟ ಪಂಚಾಯಿತಿಗಳು ವರ್ಷಕ್ಕೊಮ್ಮೆಯಾದರೂ ಜಂಟಿಯಾಗಿ ಕೂರಬೇಕೆನ್ನುವುದು ಈ ಕಾರಣಕ್ಕಾಗಿ.

ಇನ್ನು ಒತ್ತುವರಿ. ಯಾವ ತರಬೇತಿಯಲ್ಲಿಯೂ ನೇರವಾಗಿ ಚರ್ಚೆಗೆ ಬಾರದ, ಆದರೆ ಪ್ರತಿ ಸದಸ್ಯರ ಮನಸ್ಸಿನಲ್ಲಿರುವ ವಿಷಯ ಇದು. ಒತ್ತುವರಿ ಮಾಡಿದವರು ಅಪರಿಚಿತರಲ್ಲ. ಅವರು ಅದೇ ವಾರ್ಡಿನ ಮತದಾರರು, ಎಷ್ಟೋ ಬಾರಿ ನೆಂಟರು. ಹತ್ತು ಹದಿನೈದು ಮತಗಳ ಅಂತರದಲ್ಲಿ ಗೆದ್ದು ಬಂದ ಸದಸ್ಯರಿಗೆ ಒಂದು ಕುಟುಂಬದ ಮುನಿಸು ಎಂದರೆ ಮುಂದಿನ ಚುನಾವಣೆ. ಇದನ್ನು ಅರಿಯದವರು ಮಾತ್ರ ಧೈರ್ಯದ ಬಗ್ಗೆ ಸುಲಭವಾಗಿ ಉಪದೇಶ ಮಾಡಬಲ್ಲರು.

ಈ ಸಂದರ್ಭದಲ್ಲಿ ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ನೀಡಿದ ತೀರ್ಪು ಸದಸ್ಯರಿಗೆ ಆಸರೆಯಾಗಬಲ್ಲದು. ಪಂಜಾಬಿನ ಪಟಿಯಾಲ ಜಿಲ್ಲೆಯ ಒಂದು ಹಳ್ಳಿಯ ಕೊಳವನ್ನು ಮಣ್ಣು ತುಂಬಿ ಕೆಲವರು ಮನೆ ಕಟ್ಟಿದ್ದರು. ತೆರವುಗೊಳಿಸುವುದು ಹಿತವಲ್ಲ, ಬೆಲೆ ಪಡೆದು ಅವರಿಗೇ ಬಿಟ್ಟುಕೊಡಿ ಎಂದು ಅಲ್ಲಿನ ಕಲೆಕ್ಟರ್ ಆದೇಶಿಸಿದರು. ಗ್ರಾಮ ಪಂಚಾಯಿತಿ ಅದನ್ನು ವಿರೋಧಿಸಲಿಲ್ಲ, ಮೇಲ್ಮನವಿಯನ್ನೂ ಸಲ್ಲಿಸಲಿಲ್ಲ. ಮೇಲ್ಮನವಿಗೆ ಹೋದವರು ಬೇರೆ ಕೆಲವರು. ಅದನ್ನು ಪುರಸ್ಕರಿಸಿದ ಕಮಿಷನರ್, ಪಂಚಾಯಿತಿಯು ಒತ್ತುವರಿದಾರರೊಡನೆ ಶಾಮೀಲಾಗಿದೆಯೆಂದು ದಾಖಲಿಸಿದರು. ಕೊನೆಗೆ ಸುಪ್ರೀಂ ಕೋರ್ಟ್ ಒತ್ತುವರಿದಾರರ ಮನವಿಯನ್ನು ವಜಾ ಮಾಡಿ, ಗ್ರಾಮದ ಸಾಮುದಾಯಿಕ ಭೂಮಿಯ ಒತ್ತುವರಿ ತೆರವಿಗೆ ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿತು. ಬಹುಕಾಲದಿಂದ ಅನುಭವದಲ್ಲಿದೆ, ಕಟ್ಟಡಕ್ಕೆ ಬಹಳ ಹಣ ಸುರಿದಿದೆ, ರಾಜಕೀಯ ಸಂಪರ್ಕವಿದೆ ಎಂಬ ಯಾವ ಕಾರಣವೂ ಸಕ್ರಮಕ್ಕೆ ಸಮರ್ಥನೆಯಾಗದು ಎಂದಿತು. ಭೂಹೀನ ಕಾರ್ಮಿಕರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರದ ಅಧಿಸೂಚನೆಯಂತೆ ಗುತ್ತಿಗೆ ನೀಡಿದ್ದಲ್ಲಿ, ಅಥವಾ ಅಲ್ಲಿ ಈಗಾಗಲೇ ಶಾಲೆ, ಔಷಧಾಲಯದಂತಹ ಸಾರ್ವಜನಿಕ ಸೌಲಭ್ಯ ಇದ್ದಲ್ಲಿ ಮಾತ್ರ ವಿರಳವಾಗಿ ವಿನಾಯಿತಿ ಇರಬಹುದು.

ಆ ವಿನಾಯಿತಿಯ ಸಾಲನ್ನು ಕೈಬಿಡದೆ ಓದಬೇಕು. ಜಾಗವಿಲ್ಲದೆ ಕೆರೆಯಂಚಿನಲ್ಲಿ ಗುಡಿಸಲು ಹಾಕಿಕೊಂಡ ಕೂಲಿಕಾರರ ಕುಟುಂಬವೂ, ಹತ್ತು ಎಕರೆ ಇದ್ದು ಇನ್ನೆರಡು ಎಕರೆ ಕೆರೆಯಂಗಳವನ್ನು ಸೇರಿಸಿಕೊಂಡು ಅಡಿಕೆ ಇಟ್ಟವರೂ ಒಂದೇ ಅಲ್ಲ. ತೆರವು ಕಾರ್ಯಾಚರಣೆ ಎಂದರೆ ಮೊದಲು ಗುಡಿಸಲಿಗೆ ಯಂತ್ರ ಹೋಗುವುದು, ತೋಟದ ಬೇಲಿಯ ಮುಂದೆ ನಿಂತುಬಿಡುವುದು ಅನೇಕ ಕಡೆ ಕಂಡ ಕ್ರಮ. ಪಂಚಾಯಿತಿಯ ನಿರ್ಣಯ ಇದನ್ನು ತಿರುಗಿಸಬಲ್ಲದು: ನಿವೇಶನರಹಿತರಿಗೆ ಬೇರೆಡೆ ಜಾಗ ಗುರುತಿಸಿದ ಮೇಲೆಯೇ ಅವರ ಸ್ಥಳಾಂತರ, ದೊಡ್ಡ ಹಿಡುವಳಿದಾರರ ಒತ್ತುವರಿ ಮೊದಲು. ಪಟ್ಟಿಯನ್ನು ಒಬ್ಬ ಸದಸ್ಯರ ದೂರಿನಂತೆ ಅಲ್ಲದೆ ಗ್ರಾಮಸಭೆಯಲ್ಲಿ ಸರ್ವೆ ವರದಿಯಿಂದ ಓದಿದರೆ ಒಬ್ಬರ ಮೇಲೆ ದ್ವೇಷದ ಹೊರೆ ಬೀಳುವುದೂ ತಪ್ಪುತ್ತದೆ.

ಗೋಮಾಳದ ಬಗ್ಗೆ ಒಂದು ತಪ್ಪು ಕಲ್ಪನೆ ಒಳ್ಳೆಯ ಮನಸ್ಸಿನವರಲ್ಲೂ ಇದೆ. ಉತ್ತರ ಕರ್ನಾಟಕದಲ್ಲಿ ಗಾಯರಾಣ ಎನ್ನುವ ಈ ಭೂಮಿಗೆ ಕಂದಾಯ ನಿಯಮಗಳಲ್ಲಿ ಪ್ರತಿ ನೂರು ಜಾನುವಾರುಗಳಿಗೆ 12 ಹೆಕ್ಟೇರ್ ಎಂಬ ಪ್ರಮಾಣವಿದೆ. ಹುಲ್ಲು, ಕುರುಚಲು ಮಾತ್ರ ಇರುವ ಅದನ್ನು ಬಂಜರೆಂದು ಕರೆದು ಪರಿಸರ ದಿನದಂದು ಅಲ್ಲಿ ಸಾವಿರ ಸಸಿ ನೆಡುತ್ತಾರೆ. ಹುಲ್ಲುಗಾವಲು ಕಾಡಾಗಲು ಕಾಯುತ್ತಿರುವ ಭೂಮಿಯಲ್ಲ. ಅದು ತನ್ನಷ್ಟಕ್ಕೆ ತಾನೇ ಪೂರ್ಣವಾದ ನೆಲೆ. ಕೃಷ್ಣಮೃಗ, ತೋಳ, ಗುಳ್ಳೆನರಿ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು ಬದುಕುವುದು ಅಲ್ಲಿ. ಕುರಿಗಾಹಿಗಳ ಜೀವನ ನಿಂತಿರುವುದೂ ಅಲ್ಲಿಯೇ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಬಯಲಿನ ಬಹುಭಾಗದಲ್ಲಿ ನೀಲಗಿರಿ ನೆಟ್ಟರು. ಒಂದು ಕಾಲಕ್ಕೆ ಅಲ್ಲಿದ್ದ, ಬಯಲುಸೀಮೆಯವರು ಎರೆಭೂತ ಎನ್ನುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ ಇಂದು ಅಲ್ಲಿಲ್ಲ. ಹಸಿರು ಹೆಚ್ಚಾಯಿತು, ಹಕ್ಕಿ ಹೋಯಿತು. ನೀಲಗಿರಿ ಮತ್ತು ಅಕೇಶಿಯಾ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ಕಡಿದ ನೀಲಗಿರಿ ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ. ಪಂಚಾಯಿತಿಯ ಸ್ವಾಧೀನದಲ್ಲಿರುವ ಜಾಗದಲ್ಲಿ ಬೊಡ್ಡೆ ಕಿತ್ತು ತೆಗೆಯುವುದೂ, ಕೆರೆಯಂಗಳದ ಬಳ್ಳಾರಿ ಜಾಲಿಯನ್ನು ಬೇರು ಸಮೇತ ತೆಗೆಯುವುದೂ ಸಸಿ ನೆಡುವಷ್ಟೇ ಮುಖ್ಯವಾದ ಕಾಮಗಾರಿ. ಮರ ಬೇಕಾದ ಕಡೆ, ಅಂದರೆ ಗುಂಡುತೋಪಿನಲ್ಲಿ, ಏರಿಯ ಹಿಂದೆ, ಹಳ್ಳದ ದಂಡೆಯಲ್ಲಿ ಹೊಂಗೆ, ನೇರಳೆ, ಅತ್ತಿ, ಹುಣಸೆ, ಹೊಳೆಮತ್ತಿ ಇರಲಿ. ನೆಟ್ಟ ಸಸಿಗಳ ಸಂಖ್ಯೆಯನ್ನಲ್ಲ, ಮೂರನೆಯ ಬೇಸಿಗೆ ದಾಟಿದ ಸಸಿಗಳ ಸಂಖ್ಯೆಯನ್ನು ವರದಿಯಲ್ಲಿ ಕೇಳುವ ಸದಸ್ಯರೊಬ್ಬರಿದ್ದರೂ ಸಾಕು, ಕಾಮಗಾರಿಯ ಗುಣ ಬದಲಾಗುತ್ತದೆ.

ಜೀವವೈವಿಧ್ಯ ಅಧಿನಿಯಮ, 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು; ಜನತಾ ಜೀವವೈವಿಧ್ಯ ದಾಖಲಾತಿ ತಯಾರಿಸುವುದು ಅದರ ಮುಖ್ಯ ಕೆಲಸ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಿದಾಗ ದೇಶದಾದ್ಯಂತ ದಾಖಲಾತಿಗಳು ಅವಸರದಲ್ಲಿ ಸಿದ್ಧವಾದವು. ಹೆಚ್ಚಿನವು ಈಗ ಬೀರುವಿನಲ್ಲಿವೆ. ಅದನ್ನು ಹೊರತೆಗೆದು, ಊರಿನ ನಾಟಿ ವೈದ್ಯರು, ಕುರಿಗಾಹಿಗಳು, ಮೀನು ಹಿಡಿಯುವವರು, ಸೊಪ್ಪು ಆಯುವ ಹೆಣ್ಣುಮಕ್ಕಳು ಇವರನ್ನು ಕೂರಿಸಿ ಓದಿಸಿದರೆ ಎಷ್ಟು ಪುಟ ಆ ಊರಿನದು, ಎಷ್ಟು ಪುಟ ಬೇರೆಲ್ಲಿಂದಲೋ ನಕಲಾದದ್ದು ಎಂಬುದು ಒಂದೇ ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಸರಿಯಾಗಿ ಬರೆದ ದಾಖಲಾತಿಯು ನಾಳೆ ಕಲ್ಲು ಗಣಿಗೋ ಬಡಾವಣೆಗೋ ನಿರಾಕ್ಷೇಪಣಾ ಪತ್ರ ಕೋರಿ ಅರ್ಜಿ ಬಂದಾಗ ಪಂಚಾಯಿತಿಯ ಕೈಯಲ್ಲಿರುವ ಪುರಾವೆ. ಅದಿಲ್ಲದೆ ಸಲ್ಲಿಸಿದ ಆಕ್ಷೇಪಣೆ ಬರಿಯ ಅಭಿಪ್ರಾಯವಾಗಿ ಉಳಿಯುತ್ತದೆ.

ಕೆಲಸ ಎಲ್ಲಿಂದ ಆರಂಭಿಸಬೇಕೆಂದು ಸದಸ್ಯರು ಕೇಳುವುದು ಸಹಜ. ಹಣ ಬೇಡದ ಕೆಲಸದಿಂದ. ಪಂಚಾಯಿತಿ ವ್ಯಾಪ್ತಿಯ ಎಲ್ಲ ಕೆರೆ, ಕುಂಟೆ, ಕಟ್ಟೆ, ರಾಜಕಾಲುವೆ, ಗೋಮಾಳ, ಗುಂಡುತೋಪು, ಸ್ಮಶಾನಗಳ ಸರ್ವೆ ನಂಬರು ಮತ್ತು ವಿಸ್ತೀರ್ಣವನ್ನು ಗ್ರಾಮ ನಕಾಶೆಯಿಂದಲೂ ಆಕಾರ್‌ಬಂದ್‌ನಿಂದಲೂ ಬರೆದುಕೊಂಡು ಒಂದು ವಹಿ ಮಾಡುವುದು ಮೊದಲ ಹೆಜ್ಜೆ. ಅದನ್ನು ಕಚೇರಿಯ ಗೋಡೆಯ ಮೇಲೆ ಬರೆಸಿದರೆ ಇನ್ನೂ ಒಳ್ಳೆಯದು. ಗೋಡೆಯ ಮೇಲಿನ ಎಕರೆ ಕಡಿಮೆಯಾದರೆ ಊರಿಗೇ ಗೊತ್ತಾಗುತ್ತದೆ. ನಂತರ ಅಳತೆಗಾಗಿ ಗ್ರಾಮಸಭೆಯ ನಿರ್ಣಯ, ಆ ನಿರ್ಣಯದ ಪ್ರತಿಯೊಡನೆ ತಹಶೀಲ್ದಾರರಿಗೆ ಅರ್ಜಿ. ನಿರ್ಣಯದಲ್ಲಿ ‘ಕೆರೆ ಅಭಿವೃದ್ಧಿಪಡಿಸಲು ತೀರ್ಮಾನಿಸಲಾಯಿತು’ ಎಂಬಂತಹ ವಾಕ್ಯ ಬೇಡ. ಯಾವ ಸರ್ವೆ ನಂಬರು, ಎಷ್ಟು ಎಕರೆ ಗುಂಟೆ, ಯಾವ ಕಾಲುವೆ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆಯಬೇಕು. ಅಳತೆಯ ದಿನ ಅಕ್ಕಪಕ್ಕದ ಹಿಡುವಳಿದಾರರು, ಗ್ರಾಮ ಆಡಳಿತ ಅಧಿಕಾರಿ, ಕನಿಷ್ಠ ಇಬ್ಬರು ಸದಸ್ಯರು ಸ್ಥಳದಲ್ಲಿದ್ದು ಪಂಚನಾಮೆಗೆ ಸಹಿ ಮಾಡಬೇಕು. ಗಡಿಕಲ್ಲು ನೆಟ್ಟ ವಾರದೊಳಗೆ ಗಡಿಯುದ್ದಕ್ಕೂ ಕಂದಕ ತೋಡಿಸಿ ಬದುವಿನ ಮೇಲೆ ಕತ್ತಾಳೆಯನ್ನೋ ಹೊಂಗೆಯನ್ನೋ ಹಾಕಿಸದಿದ್ದರೆ ಮುಂದಿನ ಉಳುಮೆಯ ವೇಳೆಗೆ ಕಲ್ಲು ಸರಿದಿರುತ್ತದೆ.

ಕೆರೆಯ ಅಳತೆ ನಡೆಯಬೇಕಾದದ್ದು ನೀರು ತಗ್ಗಿ ಅಂಗಳ ಬಯಲಾದ ಬೇಸಿಗೆಯಲ್ಲಿ. ತಾಲ್ಲೂಕಿನಲ್ಲಿ ಭೂಮಾಪಕರು ಕಡಿಮೆ, ಅರ್ಜಿಗಳ ಸಾಲು ಉದ್ದ. ಆದುದರಿಂದ ಫೆಬ್ರವರಿಯೊಳಗೆ ಅಳತೆಯ ದಿನ ಗೊತ್ತಾಗಬೇಕಾದರೆ ನಿರ್ಣಯವು ದೀಪಾವಳಿಯ ಆಸುಪಾಸಿನ ಗ್ರಾಮಸಭೆಯಲ್ಲೇ ಆಗಿರಬೇಕು. ಮೊದಲ ವರ್ಷ ಒಂದು ಕೆರೆ, ಅದರ ಒಂದು ಕಾಲುವೆ ಸಾಕು.